ದಿನಾ ಸಂಜೆ ಜಗುಲಿಗೆ ಬರೋ ಮೂರು ಬಣ್ಣದ ಬೆಕ್ಕು: ಯಾರದ್ದು, ಏನು ಮಾಡೋದು?

ಪ್ರಶ್ನೆ: ಡಾಕ್ಟ್ರೇ, ನಮ್ದು ಶಿವಮೊಗ್ಗ, ನಾನು ಪ್ರೈಮರಿ ಸ್ಕೂಲ್ ಟೀಚರ್. ಎರಡು ವಾರದಿಂದ ಒಂದು ಬೆಕ್ಕು ದಿನಾ ಸಂಜೆ ನಮ್ಮನೆ ಜಗುಲಿಗೆ ಬರ್ತಿದೆ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದೆ. ಒಂಚೂರೂ ಹೆದರಿಕೆ ಇಲ್ಲ, ಬಾಲ ನೆಟ್ಟಗೆ ಎತ್ಕೊಂಡು ಬಂದು ಕಾಲು ಸುತ್ತುತ್ತೆ, ತಿಂದು ಹೊರಟು ಹೋಗುತ್ತೆ. ನಮ್ದು ಸಸ್ಯಾಹಾರಿ ಮನೆ, ಹಾಲು ಅನ್ನ ಹಾಕ್ತಿದ್ದೀವಿ, ಭೇದಿ ಆಗ್ತಿರೋ ಹಾಗಿದೆ. ಇದು ಯಾರಾದ್ರೂ ಸಾಕಿದ್ದೋ ಬೀದೀದೋ ಹೇಗೆ ಗೊತ್ತಾಗೋದು? ಗಂಡೋ ಹೆಣ್ಣೋ? ಮನೇಲಿ ಇಟ್ಕೊಳ್ಳೋಣ ಅಂತ ಮಕ್ಕಳಿಗೆ ಆಸೆ. ನಮ್ಮತ್ತೆ ಮಾತ್ರ ಸುತರಾಂ ಒಪ್ತಿಲ್ಲ, ನಾದಿನಿ ಬಾಣಂತನಕ್ಕೆ ಬರೋಳಿದ್ದಾಳೆ, ಈಗ ಅವಳಿಗೆ ಐದು ತಿಂಗಳು, ಬೆಕ್ಕಿನ ಕೂದಲು ಹೊಟ್ಟೆಗೆ ಹೋದ್ರೆ ಕಷ್ಟ ಅಂತಾರೆ. ಅಂದಹಾಗೆ ಮೊನ್ನೆ ಆಟ ಆಡ್ತಾ ಮಗನ ಕೈ ಪರಚಿತು, ಸ್ವಲ್ಪ ರಕ್ತ ಬಂತು, ಅರಿಶಿನ ಹಚ್ಚಿದ್ದೀವಿ, ಪರವಾಗಿಲ್ಲ ತಾನೆ?

ಉತ್ತರ: ಮೇಡಂ, ಅಂದಹಾಗೆ ಅಂತ ಕೊನೇಲಿ ಸೇರಿಸಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡ್ತೀನಿ. ಮಗನ್ನ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗಾದ್ರೂ ಸರಿ, ಹತ್ತಿರದ ಪಿಎಚ್‌ಸಿಗಾದ್ರೂ ಸರಿ. ನಾಯಿ ಕಚ್ಚಿದ್ರೆ ಮಾತ್ರ ರೇಬೀಸ್ ಅಂತ ನಮ್ಮ ಜನರ ತಲೇಲಿ ಕೂತುಬಿಟ್ಟಿದೆ, ಬೆಕ್ಕಿಂದಲೂ ಬರುತ್ತೆ. ಬೆಕ್ಕು ಕಾಲು ನೆಕ್ಕಿಕೊಳ್ತಾ ಇರೋ ಪ್ರಾಣಿ, ಉಗುರಲ್ಲಿ ಜೊಲ್ಲು ಇರುತ್ತೆ, ಹಾಗಾಗಿ ಪರಚಿದ್ದನ್ನೂ ಲೆಕ್ಕಕ್ಕೆ ತಗೋತಾರೆ. ರಕ್ತ ಬರದೆ ಬರೀ ಗೀರು ಬಿದ್ದಿದ್ರೆ ರೇಬೀಸ್ ಅಪಾಯದ ಲೆಕ್ಕದಲ್ಲಿ ಎರಡನೇ ಕೆಟಗರಿ, ವ್ಯಾಕ್ಸಿನ್ ಸಾಕು. ರಕ್ತ ಬಂದಿದೆ ಅಂದ್ರೆ ಮೂರನೇ ಕೆಟಗರಿ, ವ್ಯಾಕ್ಸಿನ್ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಅನ್ನೋ ರೆಡಿಮೇಡ್ ಪ್ರತಿಕಾಯದ ಇಂಜೆಕ್ಷನ್ನೂ ಕೊಡಬೇಕಾಗುತ್ತೆ, ಅದನ್ನ ಅಲ್ಲಿಯ ಡಾಕ್ಟ್ರು ಗಾಯ ನೋಡಿ ಹೇಳ್ತಾರೆ. ವ್ಯಾಕ್ಸಿನ್ನು ಸರ್ಕಾರಿ ಆಸ್ಪತ್ರೇಲಿ ಫ್ರೀ. ಚರ್ಮಕ್ಕೆ ಕೊಡೋದಾದ್ರೆ ಮೊದಲ ದಿನ, ಆಮೇಲೆ 3, 7, 28ನೇ ದಿನ, ಸ್ನಾಯುವಿಗೆ ಕೊಡೋದಾದ್ರೆ 14ನೇ ದಿನ ಒಂದು ಜಾಸ್ತಿ. ಮೊನ್ನೆ ಆಗಿದ್ದು, ಈಗ ಹೋದ್ರೆ ಏನು ಪ್ರಯೋಜನ ಅನ್ನಬೇಡಿ, ತಡ ಆದ್ರೂ ಶುರು ಮಾಡೋದೇ ಸರಿ.

ಇನ್ನು ಅರಿಶಿನ. ಅರಿಶಿನ, ಸುಣ್ಣ, ಕಾಫಿ ಪುಡಿ, ಕೆಲವು ಕಡೆ ಖಾರದ ಪುಡಿ, ಇವು ಯಾವುವೂ ವೈರಸ್ ಕೊಲ್ಲಲ್ಲ, ಗಾಯ ತೊಳೆಯೋದು ಮಾತ್ರ ತಪ್ಪಿಹೋಗುತ್ತೆ. ಮುಂದೆ ಯಾವತ್ತಾದ್ರೂ ಆದ್ರೆ ನಲ್ಲಿ ಕೆಳಗೆ ಹಿಡಿದು ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೀರಿ, ಗಡಿಯಾರ ನೋಡ್ಕೊಂಡು, ಯಾಕಂದ್ರೆ ಅಳೋ ಮಗು ಕೈ ಹಿಡ್ಕೊಂಡು ನಿಂತಾಗ ಎರಡು ನಿಮಿಷಾನೇ ಹದಿನೈದು ಅನ್ನಿಸುತ್ತೆ. ಕಚ್ಚಿದ್ರೆ ಇನ್ನೂ ಹುಷಾರು, ಬೆಕ್ಕಿನ ಕೋರೆಹಲ್ಲು ಸಣ್ಣ, ಆದ್ರೆ ಆಳಕ್ಕೆ ಇಳಿಯುತ್ತೆ, ಮೇಲೆ ತೂತು ಮುಚ್ಚಿಹೋಗಿ ಒಳಗೆ ಕೀವು ಆಗುತ್ತೆ, ಮಾರನೇ ದಿನಕ್ಕೆ ಕೈ ಊದಿದ್ರೆ ಆಂಟಿಬಯೋಟಿಕ್ ಬೇಕೇ ಬೇಕು. ನಾನು ದನದ ಡಾಕ್ಟ್ರು, ಮನುಷ್ಯರಿಗೆ ಇಷ್ಟಕ್ಕಿಂತ ಜಾಸ್ತಿ ಹೇಳೋ ಹಾಗಿಲ್ಲ.

ಆದ್ರೆ ಬೆಕ್ಕಿನ ಕಡೆಯಿಂದ ನಿಮ್ಮ ಪಾಲಿನ ಕೆಲಸ ಒಂದಿದೆ. ಪರಚಿದ ದಿನದಿಂದ 10 ದಿನ ಆ ಬೆಕ್ಕು ನಿಮ್ಮ ಕಣ್ಣಿಗೆ ಬೀಳ್ತಾ ಇರ್ಬೇಕು. ಪರಚೋ ಹೊತ್ತಿಗೆ ಜೊಲ್ಲಲ್ಲಿ ರೇಬೀಸ್ ಇದ್ದಿದ್ರೆ ಆ ಬೆಕ್ಕು ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸತ್ತುಹೋಗುತ್ತೆ. ಹತ್ತು ದಿನ ಆದ್ಮೇಲೂ ಚೆನ್ನಾಗಿ ತಿನ್ಕೊಂಡು ಓಡಾಡ್ಕೊಂಡಿದ್ರೆ ಆ ಪರಚಿದ್ದರಿಂದ ಭಯ ಇಲ್ಲ, ಉಳಿದ ಡೋಸ್ ಬೇಕೋ ಬೇಡ್ವೋ ಡಾಕ್ಟ್ರು ಹೇಳ್ತಾರೆ. ಹಾಗಂತ ಹತ್ತು ದಿನ ಕಾದು ಆಮೇಲೆ ವ್ಯಾಕ್ಸಿನ್ ಹಾಕಿಸೋಣ ಅಂತಲ್ಲ, ವ್ಯಾಕ್ಸಿನ್ ಇವತ್ತು, ನೋಡೋದು ಜೊತೆಜೊತೆಗೆ. ಸಡನ್ನಾಗಿ ಮೈಮೇಲೆ ಬೀಳೋದು, ಜೊಲ್ಲು ಸುರಿಸೋದು, ದವಡೆ ಜೋತುಬೀಳೋದು, ಹಿಂಗಾಲು ಎಳೆಯೋದು ಕಂಡ್ರೆ ಮುಟ್ಟೋಕೆ ಹೋಗದೆ ಪಶು ಆಸ್ಪತ್ರೆಗೆ ಫೋನ್ ಮಾಡಿ. ಅದಕ್ಕೇ ಹೇಳ್ತಿರೋದು, ಅತ್ತೆಯವರು ಕಿರಿಕಿರಿ ಮಾಡಿದ್ರು ಅಂತ ಗೋಣಿಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ರ ಬಿಟ್ಟು ಬರೋ ಕೆಲಸ ಮಾತ್ರ ಮಾಡಬೇಡಿ. ನಮ್ಮೂರುಗಳಲ್ಲಿ ಇದು ಮಾಮೂಲು, ಅಲ್ಲಾದ್ರೆ ತಿನ್ನೋಕೆ ಸಿಗುತ್ತೆ ಅಂತ ಪುಣ್ಯದ ಕೆಲಸದ ಥರ ಮಾಡ್ತಾರೆ. ಅಲ್ಲಿ ಆಗಲೇ ಇರೋ ಬೆಕ್ಕುಗಳೂ ನಾಯಿಗಳೂ ಹೊಸದನ್ನ ಬಿಟ್ಟುಕೊಳ್ಳಲ್ಲ.

ಸರಿ, ಈಗ ಬೆಕ್ಕು. ಸಾಕಿದ್ದೋ ಬೀದೀದೋ ಅಂತ ಕೇಳಿದ್ರಿ. ಈ ಎರಡರ ಮಧ್ಯೆ ಒಂದು ಜಾತಿ ಇದೆ, ನಿಮ್ಮದು ಅದೇ ಇರಬೇಕು. ಬೆಕ್ಕಿನ ಮರಿ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಸೋಕಿದ್ರೆ ಜನರನ್ನ ನಂಬುತ್ತೆ, ಆ ಟೈಮ್ ದಾಟಿಹೋದ್ರೆ ದೊಡ್ಡದಾದ ಮೇಲೆ ಎಷ್ಟು ಮೀನು ಹಾಕಿದ್ರೂ ಹತ್ತಡಿ ದೂರ ನಿಂತು ನೋಡುತ್ತೆ ಹೊರತು ಕಾಲಿಗೆ ಬರೋದು ಬಹಳ ಅಪರೂಪ. ನಿಮ್ಮ ಬೆಕ್ಕು ಬಾಲ ಎತ್ಕೊಂಡು ಬರುತ್ತೆ, ಮೈ ಸವರುತ್ತೆ, ಪ್ರಾಯಶಃ ನಿಮ್ಮನ್ನ ನೋಡಿ ಮಿಯಾಂವ್ ಅನ್ನುತ್ತೆ. ದೊಡ್ಡ ಬೆಕ್ಕುಗಳು ತಮ್ಮತಮ್ಮೊಳಗೆ ಹಾಗೆ ಕೂಗೋದು ಕಮ್ಮಿ, ಅದು ಜನರ ಜೊತೆ ಇದ್ದು ಕಲ್ತಿರೋ ಚಾಳಿ. ಅಂದ್ರೆ ಮರಿಯಾಗಿದ್ದಾಗ ಯಾರೋ ಇದನ್ನ ಎತ್ತಿ ಆಡಿಸಿದ್ದಾರೆ. ಅವರು ಈಗಲೂ ಇರಬಹುದು, ಮನೆ ಖಾಲಿ ಮಾಡಿ ಬಿಟ್ಟು ಹೋಗಿರಬಹುದು. ಸಾಕಿದ ಪ್ರಾಣೀನ ಹಾಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಆದ್ರೆ ಬೆಕ್ಕು ಬಿಟ್ಟು ಹೋದ್ರು ಅಂತ ಕಂಪ್ಲೇಂಟ್ ಕೊಡೋರು ಯಾರು ಹೇಳಿ.

ಗಂಡೋ ಹೆಣ್ಣೋ ಅನ್ನೋದಕ್ಕೆ ಬಾಲ ಎತ್ತಿ ನೋಡೋದೂ ಬೇಡ, ಬಣ್ಣ ಹೇಳಿದ್ದೀರಲ್ಲ, ಮುಗೀತು. ಕಪ್ಪು ಮತ್ತು ಕೇಸರಿ ಎರಡೂ ಒಂದೇ ಮೈಮೇಲೆ ಇದ್ರೆ ಅದು ಹೆಣ್ಣು, ಗಂಡಾಗಿರೋದು ಸಾವಿರಾರಕ್ಕೆ ಒಂದು. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ, ಎರಡು ಎಕ್ಸ್ ಇರೋ ಹೆಣ್ಣಿಗೆ ಮಾತ್ರ ಒಂದರಿಂದ ಕೇಸರಿ ಇನ್ನೊಂದರಿಂದ ಕಪ್ಪು ಬರೋದಕ್ಕೆ ಸಾಧ್ಯ. ಪೂರ್ತಿ ಕೇಸರಿ ಬೆಕ್ಕಾದ್ರೆ ಹತ್ತರಲ್ಲಿ ಎಂಟು ಗಂಡು. ಬೇರೆ ಬಣ್ಣದವಕ್ಕೆ ಹಿಂದಿಂದ ನೋಡ್ಬೇಕು, ಎರಡು ತೂತಿನ ಮಧ್ಯೆ ಅಂತರ ಜಾಸ್ತಿ ಇದ್ರೆ ಗಂಡು, ಹತ್ತಿರ ಹತ್ತಿರ ಇದ್ರೆ ಹೆಣ್ಣು. ಮರಿ ಆಗದ ಹಾಗೆ ಮಾಡೋ ಆಪರೇಷನ್ ಆಗದ ದೊಡ್ಡ ಗಂಡಾದ್ರೆ ಕೆನ್ನೆ ದಪ್ಪಗೆ ಉಬ್ಬಿರುತ್ತೆ, ಮುಖದ ತುಂಬ ಜಗಳದ ಗಾಯ, ದೂರದಿಂದಲೇ ಗೊತ್ತಾಗುತ್ತೆ.

ಹೆಣ್ಣು, ಜನರ ಅಭ್ಯಾಸ ಇದೆ, ದಿನಾ ಒಂದೇ ಹೊತ್ತಿಗೆ ಬರುತ್ತೆ, ತಿಂದ ತಕ್ಷಣ ಹೊರಡುತ್ತೆ. ಮೇಡಂ, ಇದನ್ನ ಓದಿದ್ ಕೂಡ್ಲೇ ನನಗೆ ಬಂದ ಪ್ರಶ್ನೆ, ಮರಿ ಎಲ್ಲಿವೆ ಅಂತ. ಬೆಕ್ಕನ್ನ ಮನೆಯೊಳಗೆ ಹಾಕಿ ಬಾಗಿಲು ಮುಚ್ಚೋ ಮುಂಚೆ, ಆಪರೇಷನ್‌ಗೆ ಅಂತ ಬುಟ್ಟೀಲಿ ಹಾಕೋ ಮುಂಚೆ ಇದನ್ನ ನೋಡ್ಲೇಬೇಕು. ಒಳ್ಳೆ ಮನಸ್ಸಿನ ಜನ ಪಾಪ ಅಂತ ತಾಯಿ ಬೆಕ್ಕನ್ನ ರೂಮಲ್ಲಿ ಕೂಡಿ ಹಾಕಿ ಒಳ್ಳೊಳ್ಳೆ ಊಟ ಕೊಡ್ತಾರೆ, ಅದು ರಾತ್ರಿಯಿಡೀ ಬಾಗಿಲು ಕೆರೆದು ಕೂಗುತ್ತೆ, ಇವರು ಹೊಸ ಜಾಗ ಹೊಂದಿಕೊಳ್ತಾ ಇಲ್ಲ ಅಂದ್ಕೋತಾರೆ, ಅಲ್ಲಿ ಯಾರದೋ ಅಟ್ಟದ ಮೇಲೆ ಮರಿಗಳು ಹಾಲಿಲ್ಲದೆ ಒಂದೊಂದಾಗಿ ತಣ್ಣಗಾಗ್ತವೆ.

ನೋಡೋದು ಹೇಗೆ ಅಂದ್ರೆ, ಅದು ಕಾಲಿಗೆ ಸವರ್ತಾ ಇರುವಾಗ ನೀವು ಕೂತ್ಕೊಳ್ಳಿ, ಬೆನ್ನು ನೇವರಿಸಿ, ಅದೇ ಮಗ್ಗುಲಾಗಿ ಉರುಳೋವರೆಗೂ ಕಾಯಿರಿ, ಹಿಡಿದು ಅಂಗಾತ ಮಾಡೋಕೆ ಹೋಗಬೇಡಿ, ಹೊಟ್ಟೆ ಮುಟ್ಟಿದ್ರೆ ಎಂಥ ಸಾಧು ಬೆಕ್ಕೂ ನಾಲ್ಕು ಕಾಲಲ್ಲೂ ಹಿಡ್ಕೊಳ್ಳುತ್ತೆ, ಬರೀ ಕಣ್ಣಲ್ಲಿ ನೋಡಿ ಸಾಕು. ಎರಡು ಸಾಲಲ್ಲಿ ಸಾಮಾನ್ಯವಾಗಿ ಎಂಟು ಮೊಲೆತೊಟ್ಟು ಇರ್ತವೆ. ಮರಿ ಹಾಕದ ಬೆಕ್ಕಿಗೆ ಅವು ಕೂದಲೊಳಗೆ ಹುದುಗಿ ಕಾಣೋದೇ ಇಲ್ಲ. ಗಬ್ಬ ಆಗಿದ್ರೆ ಮೂರು ವಾರದ ಹೊತ್ತಿಗೆ ತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ನಿಲ್ಲುತ್ತೆ, ಹೊಟ್ಟೆ ದಪ್ಪ ಆಗೋದು ಆಮೇಲೆ, ಒಟ್ಟು ಒಂಬತ್ತು ವಾರದ ಬಸಿರು. ಹಾಲು ಕುಡಿಸ್ತಾ ಇದ್ರೆ ತೊಟ್ಟು ಉದ್ದ ಆಗಿ, ಅದರ ಸುತ್ತ ದುಂಡಗೆ ಕೂದಲು ಸವೆದು ಚರ್ಮ ಕಾಣ್ತಿರುತ್ತೆ, ಕೆಲವೊಮ್ಮೆ ಪಕ್ಕದ ಕೂದಲು ಒದ್ದೆಯಾಗಿ ಅಂಟಿಕೊಂಡಿರುತ್ತೆ. ಹೀಗೆ ಕಂಡ್ರೆ ಮರಿಗಳು ಇವೆ ಅಂತಲೇ ಲೆಕ್ಕ.

ಆಗ ಮಾಡ್ಬೇಕಾದ್ದು, ಊಟ ಜಾಸ್ತಿ ಹಾಕಿ, ತಿಂದು ಯಾವ ಕಡೆ ಹೋಗುತ್ತೆ ಅಂತ ನೋಡಿ. ಹಿಂದೆ ಹಿಂದೆ ಓಡಬೇಡಿ, ಮರಿ ಇರೋ ಜಾಗ ಜನಕ್ಕೆ ಗೊತ್ತಾಯ್ತು ಅನ್ನಿಸಿದ್ರೆ ಬಾಯಲ್ಲಿ ಕಚ್ಕೊಂಡು ಬೇರೆ ಕಡೆ ಸಾಗಿಸಿಬಿಡುತ್ತೆ. ಸೌದೆ ಕೊಟ್ಟಿಗೆ, ಅಡಿಕೆ ಸಿಪ್ಪೆ ರಾಶಿ, ಓಡಿಸದೆ ನಿಲ್ಲಿಸಿರೋ ಕಾರಿನ ಬಾನೆಟ್ ಒಳಗೆ, ಅಟ್ಟ, ಇವೇ ಅದರ ಜಾಗಗಳು. ಮರಿ ಸಿಕ್ರೂ ತಕ್ಷಣ ಎತ್ತಬೇಡಿ, ತಾಯಿ ಊಟಕ್ಕೆ ಹೋಗಿ ಕೆಲವು ಗಂಟೆ ಬಿಟ್ಟು ಬರೋದು ಸಹಜ, ತಾಯಿ ಬಿಟ್ಟು ಹೋಗಿದೆ ಅಂತ ಜನ ಎತ್ಕೊಂಡು ಬಂದು ಸ್ಪೂನಲ್ಲಿ ಹಸುವಿನ ಹಾಲು ಕುಡಿಸಿ ಕೊಲ್ತಾರೆ. ಐದಾರು ವಾರ ಆಗಿ ತಾವೇ ತಿನ್ನೋಕೆ ಶುರು ಮಾಡಿದ ಮೇಲೆ ತಾಯಿ ಮರಿ ಎಲ್ಲಾ ಒಟ್ಟಿಗೆ ತನ್ನಿ. ಮೇಲೆ ಹೇಳಿದ ಏಳು ವಾರದ ಲೆಕ್ಕ ನೆನಪಿರಲಿ, ಅಷ್ಟರೊಳಗೆ ಕೈಗೆ ಹತ್ತಿಸಿಕೊಂಡ್ರೆ ಆ ಮರಿಗಳಿಗೂ ಮನೆ ಹುಡುಕೋದು ಸುಲಭ.

ನಮ್ಮ ಮಲೆನಾಡಿನವರಿಗೆ ಇಲ್ಲೊಂದು ಮಾತು. ತೋಟದಲ್ಲಿ ಮೈತುಂಬ ಚುಕ್ಕೆ ಇರೋ ಚೆಂದದ ಮರಿ ಸಿಕ್ಕಿ, ಮುಟ್ಟಿದ್ರೆ ಬುಸ್ ಅಂತಿದ್ರೆ ಅದು ಊರಿನ ಬೆಕ್ಕೇ ಆಗಿರಬೇಕು ಅಂತಿಲ್ಲ, ಕಾಡುಬೆಕ್ಕಿನ ಮರಿ ಇರಬಹುದು. ಅದನ್ನ ಸಾಕೋದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡಲ್ಲ. ಇದ್ದಲ್ಲೇ ಬಿಟ್ಟು ದೂರ ಬಂದ್ರೆ ತಾಯಿ ಬಂದು ತಗೊಂಡು ಹೋಗುತ್ತೆ, ಬರಲಿಲ್ಲ ಅಂದ್ರೆ ಫಾರೆಸ್ಟ್‌ನವ್ರಿಗೆ ತಿಳಿಸಿ. ನಿಮ್ಮದು ಅದಲ್ಲ ಬಿಡಿ.

ಯಜಮಾನರನ್ನ ಹುಡುಕೋದು. ಮೊದಲು ಕಿವಿ ನೋಡಿ. ಒಂದು ಕಿವಿ ತುದಿ, ಸಾಮಾನ್ಯವಾಗಿ ಎಡಗಿವಿ, ಕತ್ತರಿ ಹಿಡಿದು ನೇರಕ್ಕೆ ಕತ್ತರಿಸಿದ ಹಾಗಿದ್ರೆ ಅದು ಯಾರೋ ಆಪರೇಷನ್ ಮಾಡಿಸಿ ಬಿಟ್ಟಿರೋ ಗುರುತು. ಜಗಳದಲ್ಲಿ ಹರಿದ ಕಿವಿ ಹಾಗಿರಲ್ಲ, ಸೊಟ್ಟಂಬಟ್ಟ ಇರುತ್ತೆ. ಕುತ್ತಿಗೆ ಕೂದಲು ಸುತ್ತಲೂ ಒಂದು ಗೆರೆ ಥರ ಒತ್ತಿಹೋಗಿದ್ರೆ ಬೆಲ್ಟ್ ಇತ್ತು ಅಂತ ಅರ್ಥ. ಮೈಕ್ರೋಚಿಪ್ ಇದ್ರೆ ಕ್ಲಿನಿಕ್‌ನಲ್ಲಿ ಸ್ಕ್ಯಾನ್ ಮಾಡಿದಾಗ 15 ಅಂಕಿ ನಂಬರ್ ಬರುತ್ತೆ, ಆದ್ರೆ ನಮ್ಮಲ್ಲಿ ನಾಟಿ ಬೆಕ್ಕಿಗೆ ಚಿಪ್ ಹಾಕಿಸೋರು ಎಲ್ಲಿದ್ದಾರೆ, ಪರ್ಷಿಯನ್ ಗಿರ್ಷಿಯನ್ ಆದ್ರೆ ಮಾತ್ರ ಕೇಳಿ ನೋಡಿ. ಅದಕ್ಕಿಂತ ಸುಲಭದ ಉಪಾಯ ಕಾಗದದ ಪಟ್ಟಿ. ನೋಟ್‌ಬುಕ್ ಹಾಳೇಲಿ ಎರಡು ಬೆರಳಗಲ ಕತ್ತರಿಸಿ, ಈ ಬೆಕ್ಕು ನಿಮ್ಮದಾ, ನಮ್ಮನೆಗೆ ಬರ್ತಿದೆ, ಫೋನ್ ಮಾಡಿ ಅಂತ ಬರೆದು ನಂಬರ್ ಹಾಕಿ ಕುತ್ತಿಗೆಗೆ ಸುತ್ತಿ ಗಮ್ ಟೇಪ್ ಅಂಟಿಸಿ. ಎರಡು ಬೆರಳು ಒಳಗೆ ಆಡೋಷ್ಟು ಸಡಿಲ ಇರಲಿ. ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಹರಿದು ಬರಬೇಕು, ಅದಕ್ಕೇ ಕಾಗದ, ದಾರ ರಬ್ಬರ್ ಬ್ಯಾಂಡ್ ಬೇಡವೇ ಬೇಡ. ಮಳೆ ಇಲ್ಲದ ದಿನ ನೋಡಿ ಕಟ್ಟಿ, ಎರಡು ಮೂರು ಸಲ ಮಾಡಿ.

ಜೊತೆಗೆ ಬೀದೀಲಿ ಕೇಳಿ. ಮನೆಮನೆಗೆ ಹೋಗಿ ಕೇಳೋದಕ್ಕಿಂತ ಬೆಳಗ್ಗೆ ಟಿವಿಎಸ್ಸಲ್ಲಿ ಹಾರ್ನ್ ಹೊಡ್ಕೊಂಡು ಬರೋ ಮೀನಿನವನ್ನ ಕೇಳಿ, ಯಾವ ಗೇಟಿಂದ ಯಾವ ಬೆಕ್ಕು ಓಡಿ ಬರುತ್ತೆ ಅಂತ ಅವನಿಗೆ ಬಾಯಿಪಾಠ. ಯಾರದೂ ಅಲ್ಲ, ಎಲ್ಲರ ಮನೇಲೂ ತಿನ್ನುತ್ತೆ ಅನ್ನೋ ಉತ್ತರ ಬರೋ ಚಾನ್ಸೇ ಜಾಸ್ತಿ. ಹಾಗಿದ್ರೆ ಅದಕ್ಕೆ ಊಟ ಹಾಕೋರು ಇದ್ದಾರೆ, ಚುಚ್ಚುಮದ್ದು ಹಾಕಿಸೋರು ಇಲ್ಲ. ನಿಮ್ಮ ಅವಶ್ಯಕತೆ ಅಲ್ಲಿರೋದು.

ಊಟದ ವಿಷಯ. ಭೇದಿ ಆಗ್ತಿರೋದು ಹೆಚ್ಚುಪಾಲು ಹಾಲಿಂದಲೇ. ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಬಹಳಷ್ಟು ಬೆಕ್ಕಿಗೆ ಕಮ್ಮಿ ಆಗುತ್ತೆ, ಆದ್ರೂ ಕೊಟ್ರೆ ಕುಡಿಯುತ್ತೆ, ರುಚಿ ಬೇಕು ಹೊಟ್ಟೆಗೆ ಆಗಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದೇ ಒಳ್ಳೇದಾಯ್ತು ಅನ್ಬೇಕು. ಹಾಲು ನಿಲ್ಲಿಸಿ ನೀರು ಇಡಿ. ಬರೀ ಅನ್ನ ಮೊಸರೂ ಅದಕ್ಕೆ ಸಾಲದು. ಬೆಕ್ಕು ಮಾಂಸ ತಿಂದೇ ಬದುಕೋ ಹಾಗೆ ಹುಟ್ಟಿರೋ ಪ್ರಾಣಿ, ಟಾರೀನ್ ಅನ್ನೋ ಅಂಶ ಅದಕ್ಕೆ ಹೊರಗಿಂದಲೇ ಸಿಗಬೇಕು, ಅದು ಇರೋದು ಮಾಂಸ ಮೀನಲ್ಲಿ. ಟಾರೀನ್ ಇಲ್ಲದಿದ್ರೆ ಕಣ್ಣು ಕುರುಡಾಗುತ್ತೆ ಅಂತ 1975ರಲ್ಲಿ, ಹೃದಯ ಹಿಗ್ಗಿ ಸಾಯುತ್ತೆ ಅಂತ 1987ರಲ್ಲಿ ಗೊತ್ತಾಯ್ತು, ಆಮೇಲೆ ಬೆಕ್ಕಿನ ಫುಡ್ ಮಾಡೋ ಕಂಪನಿಗಳು ಅದನ್ನ ಸರಿಯಾಗಿ ಸೇರಿಸೋಕೆ ಶುರು ಮಾಡಿದ್ವು.

ನಿಮ್ಮ ಥರ ಸಸ್ಯಾಹಾರಿ ಮನೆಯವರು ಇದನ್ನ ಕೇಳಿ ಸುಮ್ಮನಾಗಿಬಿಡ್ತಾರೆ, ಅಡುಗೆಮನೇಲಿ ಕೋಳಿ ಬೇಯಿಸಿ ಅಂತ ನಾನೂ ಹೇಳಲ್ಲ. ಅಂಗಡೀಲಿ ಸಿಗೋ ಬೆಕ್ಕಿನ ಡ್ರೈ ಫುಡ್ ತಂದು ಜಗುಲೀಲೇ ಒಂದು ಡಬ್ಬಿಲಿಡಿ, ಅದಕ್ಕೇ ಬೇರೆ ತಟ್ಟೆ, ಬೇರೆ ನಲ್ಲೀಲಿ ತೊಳೀರಿ, ಅತ್ತೆಯವರ ಮಡಿಗೂ ತೊಂದರೆ ಇಲ್ಲ. ದೊಡ್ಡ ಬೆಕ್ಕಿಗೆ ದಿನಕ್ಕೆ 50-60 ಗ್ರಾಂ, ಎರಡು ಹೊತ್ತು ಮಾಡಿ ಹಾಕಿ. ಹಾಲು ಕುಡಿಸೋ ತಾಯಿ ಆದ್ರೆ ಮರಿಗಳಿಗೆ ಅಂತ ಮಾಡೋ ಕಿಟನ್ ಫುಡ್ ತನ್ನಿ, ತಿನ್ನೋಷ್ಟು ಹಾಕಿ. ಒಂದೇ ಸಲ ಬದಲಾಯಿಸದೆ ಒಂದು ವಾರ ಅನ್ನದ ಜೊತೆ ಕಲಸಿ ಕಲಸಿ ಅನ್ನ ಕಮ್ಮಿ ಮಾಡ್ತಾ ಬನ್ನಿ. ನಾಯಿ ಫುಡ್ ಅಗ್ಗ ಅಂತ ಅದನ್ನ ಹಾಕಬೇಡಿ, ಬೆಕ್ಕಿಗೆ ಬೇಕಾದಷ್ಟು ಟಾರೀನ್ ಅದರಲ್ಲಿ ಇರಲ್ಲ. ತಿನ್ನೋ ಮನೆಯವರಾದ್ರೆ ಬೇಯಿಸಿದ ಕೋಳಿ, ಮೊಟ್ಟೆ, ಬೂತಾಯಿ ಬಂಗಡೆ ಮುಳ್ಳು ತೆಗೆದು, ಉಪ್ಪು ಖಾರ ಹಾಕದೆ ಕೊಡಬಹುದು. ಈರುಳ್ಳಿ ಬೆಳ್ಳುಳ್ಳಿ ಬಿದ್ದಿರೋ ಸಾರು ಸಾಂಬಾರ್ ಅನ್ನ ಬೇಡ, ಅವು ಬೆಕ್ಕಿನ ರಕ್ತಕಣ ಒಡೀತವೆ. ಇರುವೆ ಕಾಟ ಇದ್ರೆ ಅಗಲ ತಟ್ಟೇಲಿ ನೀರು ಹಾಕಿ ಅದರ ಮಧ್ಯೆ ಊಟದ ಬಟ್ಟಲು ಇಡಿ.

ಊಟಕ್ಕಿಂತ ಭಯ ನನಗೆ ಮನೆಮದ್ದಿನದ್ದು. ಬೆಕ್ಕಿನ ಲಿವರ್‌ಗೆ ಕೆಲವು ಔಷಧಿ ಕರಗಿಸೋ ತಾಕತ್ತೇ ಇಲ್ಲ. ಜ್ವರ ಇದೆ ಅಂತ ಡೋಲೋ, ಕ್ರೋಸಿನ್ ಅರ್ಧ ಮಾತ್ರೆ ಕೊಟ್ರೂ ಸಾಯಬಹುದು, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ ಅಂತಲೇ ತಿಳ್ಕೊಳ್ಳಿ. ಚಿಗಟಕ್ಕೆ ಅಂತ ನಾಯಿಗೆ ಹಾಕೋ ಪರ್ಮೆತ್ರಿನ್ ಡ್ರಾಪ್ಸ್, ದನದ ಉಣ್ಣೆಗೆ ಹೊಡೆಯೋ ಬ್ಯುಟಾಕ್ಸ್ ಬೆಕ್ಕಿನ ಮೈಗೆ ಹಾಕಿದ್ರೆ ಗಡಗಡ ನಡುಗಿ ಫಿಟ್ಸ್ ಬರುತ್ತೆ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸ್ತೀರಲ್ಲ, ಒಣಗೋ ಮುಂಚೆ ಬೆಕ್ಕು ನಡೆದು ಹೋಗಿ ಕಾಲು ನೆಕ್ಕಿಕೊಳ್ಳುತ್ತೆ. ಗಾಯಕ್ಕೆ ಡೆಟಾಲ್, ನೆಗಡಿಗೆ ನೀಲಗಿರಿ ಎಣ್ಣೆ, ಕರ್ಪೂರ, ಇವೂ ಬೇಡ. ಗಾಯ ಇದ್ರೆ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ಒರೆಸಿ ಕ್ಲಿನಿಕ್‌ಗೆ ತನ್ನಿ. ಇನ್ನೊಂದು, ಇದು ನಿಮ್ಮ ಹೆಣ್ಣು ಬೆಕ್ಕಿಗಿಂತ ಗಂಡು ಬೆಕ್ಕು ಇರೋರಿಗೆ, ಉಚ್ಚೆಗೆ ಕೂತು ಕೂತು ಎದ್ದು, ಮುಕ್ಕರಿದು, ಬರದೆ ಕೂಗ್ತಾ ಇದ್ರೆ ಅದು ಮಲಬದ್ಧತೆ ಅಂತ ಎಣ್ಣೆ ಕುಡಿಸ್ತಾ ಕೂರಬೇಡಿ, ಮೂತ್ರನಾಳ ಕಟ್ಟಿರುತ್ತೆ, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತೆ, ಅವತ್ತೇ ಕರ್ಕೊಂಡು ಬನ್ನಿ.

ಮನೇಲೇ ಒಂದಷ್ಟು ನೋಡಬಹುದು. ಹೆಬ್ಬೆರಳಲ್ಲಿ ಮೇಲ್ತುಟಿ ಸ್ವಲ್ಪ ಎತ್ತಿ, ಬಿಟ್ಟುಕೊಟ್ರೆ ಮಾತ್ರ. ವಸಡು ತಿಳಿಗುಲಾಬಿ ಇರ್ಬೇಕು, ಬೆಳ್ಳಗಿದ್ರೆ ರಕ್ತ ಕಮ್ಮಿ, ಹಳದಿ ಇದ್ರೆ ಕಾಮಾಲೆ. ಹಲ್ಲಿಂದ ವಯಸ್ಸೂ ಅಂದಾಜಾಗುತ್ತೆ, ಆರೇಳು ತಿಂಗಳ ಹೊತ್ತಿಗೆ ಶಾಶ್ವತ ಹಲ್ಲು ಪೂರ್ತಿ ಬಂದು ಬೆಳ್ಳಗೆ ಚೂಪಾಗಿರ್ತವೆ, ಹಿಂದಿನ ಹಲ್ಲಿನ ಮೇಲೆ ಹಳದಿ ಕಿಟ್ಟ ಕಟ್ಟಿದ್ರೆ ವರ್ಷ ಎರಡು ವರ್ಷ ದಾಟಿದೆ. ಕಿವಿಯೊಳಗೆ ಕಾಫಿ ಪುಡಿ ಥರ ಕಪ್ಪು ಕಸ ಇದ್ದು ಸದಾ ಕೆರ್ಕೊಳ್ತಿದ್ರೆ ಕಿವಿ ನುಸಿ. ಬೆನ್ನಿನ ಕೂದಲಲ್ಲಿ ಸಿಗೋ ಕಪ್ಪು ಚೂರುಗಳನ್ನ ಒದ್ದೆ ಬಿಳಿ ಟಿಶ್ಯೂ ಮೇಲೆ ಉಜ್ಜಿ, ಕೆಂಪಗೆ ಬಣ್ಣ ಬಿಟ್ರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಬೆಕ್ಕಿನ ರಕ್ತವೇ ಅದು. ಚಿಗಟ ಇದ್ರೆ ಹೊಟ್ಟೇಲಿ ಲಾಡಿಹುಳ ಇರೋ ಸಾಧ್ಯತೆನೂ ಇದೆ, ಗುದದ ಹತ್ರ ಬಿಳಿ ತುಂಡು ಅಂಟಿರೋದು ಕಾಣುತ್ತೆ. ಮೈಮೇಲೆ ಕೂದಲು ಉದುರಿ ದುಂಡನೆ ಮಚ್ಚೆ ಇದ್ರೆ ಹುಳುಕಡ್ಡಿ, ಅದು ಮಕ್ಕಳಿಗೂ ಅಂಟುತ್ತೆ, ವಾಸಿ ಆಗೋವರೆಗೂ ಎತ್ತಿ ಮುದ್ದಾಡೋದು ಬೇಡ.

ಕ್ಲಿನಿಕ್‌ಗೆ ತರುವಾಗ ತೋಳಲ್ಲಿ ಅವಚಿಕೊಂಡು ಸ್ಕೂಟರ್ ಮೇಲೆ ಬರಬೇಡಿ, ಒಂದು ಲಾರಿ ಹಾರ್ನ್ ಸಾಕು, ನಿಮ್ಮ ಮುಖ ಕಿತ್ತು ಹಾರುತ್ತೆ. ಮುಚ್ಚಳ ಇರೋ ಪ್ಲಾಸ್ಟಿಕ್ ಬುಟ್ಟಿ ತಗೊಂಡು ನಾಲ್ಕೈದು ದಿನ ಅದರೊಳಗೇ ಊಟ ಹಾಕಿ ಅಭ್ಯಾಸ ಮಾಡಿಸಿ, ಆಮೇಲೆ ಒಂದಿನ ಮುಚ್ಚಿ ಟವೆಲ್ ಹೊದಿಸಿ ಆಟೋದಲ್ಲಿ ತನ್ನಿ. ನಿಮ್ಮೂರಲ್ಲೇ ವಿನೋಬನಗರದಲ್ಲಿ ವೆಟರ್ನರಿ ಕಾಲೇಜಿದೆ, ಬೆಂಗಳೂರಿನವರಿಗೆ ಹೆಬ್ಬಾಳ, ಹಾಸನ ಬೀದರ್‌ಗಳಲ್ಲೂ ಕಾಲೇಜಿದೆ, ಇಲ್ಲದಿದ್ರೆ ತಾಲೂಕು ಪಶು ಆಸ್ಪತ್ರೆ. ಹೊರಡೋ ಮುಂಚೆ ಫೋನ್ ಮಾಡಿ ಬೆಕ್ಕು ನೋಡ್ತೀರಾ, ಆಪರೇಷನ್ ಮಾಡ್ತೀರಾ ಅಂತ ಕೇಳ್ಕೊಳ್ಳಿ, ಎಲ್ಲಾ ಕಡೆ ಬೆಕ್ಕಿನ ಕೆಲಸ ನಡೆಯಲ್ಲ. ಹುಳದ ಔಷಧಿ, ಚಿಗಟದ ಔಷಧಿ ತೂಕ ನೋಡಿ ಕೊಡ್ತಾರೆ. ಆಮೇಲೆ ರೇಬೀಸ್ ವ್ಯಾಕ್ಸಿನ್, ಮತ್ತೆ ಟ್ರೈಕ್ಯಾಟ್ ಅಂತ ನಾವು ಕರೆಯೋ ಇನ್ನೊಂದು, ಅದು ಮೂರು ವಾರ ಬಿಟ್ಟು ಎರಡನೇ ಸಲ ಬೇಕು. ಟ್ರೈಕ್ಯಾಟ್ ಯಾಕೆ ಅಂದ್ರೆ ಪ್ಯಾನ್‌ಲ್ಯುಕೋಪೀನಿಯಾ ಅಂತ ವಾಂತಿ ಭೇದಿ ಆಗಿ ಮರಿಗಳನ್ನ ಗುಡಿಸಿಹಾಕೋ ಕಾಯಿಲೆ ಇದೆ, ನಾಯಿಮರಿಗಳಿಗೆ ಬರೋ ಪಾರ್ವೋ ಕಾಯಿಲೆ ಥರದ್ದೇ, ಬೆಕ್ಕಿನ ಪಾರ್ವೋ ಅನ್ನಿ. ಅದರ ವೈರಸ್ ಒಂದು ವರ್ಷದವರೆಗೂ ನೆಲದಲ್ಲಿ ಉಳ್ಕೊಳ್ಳುತ್ತೆ, ಫಿನಾಯಿಲ್‌ಗೆ ಜಗ್ಗಲ್ಲ, ಬ್ಲೀಚಿಂಗ್ ಬೇಕು. ಮನೇಲಿ ಆಗಲೇ ಬೇರೆ ಬೆಕ್ಕು ಇರೋರು ಹೊಸದನ್ನ ಎರಡು ವಾರ ಬೇರೆ ರೂಮಲ್ಲಿ ಇಡ್ಲೇಬೇಕು ಅನ್ನೋದು ಇದಕ್ಕೇ.

ಈಗ ಅತ್ತೆಯವರ ಮಾತಿಗೆ ಬರ್ತೀನಿ, ಅವರ ಭಯ ಪೂರ್ತಿ ಸುಳ್ಳಲ್ಲ, ಆದ್ರೆ ಕೂದಲದ್ದಲ್ಲ. ಟಾಕ್ಸೋಪ್ಲಾಸ್ಮಾ ಅಂತ ಒಂದು ಪರಾವಲಂಬಿ, ಬಸುರೀಲಿ ಮೊದಲ ಸಲ ತಗುಲಿದ್ರೆ ಮಗುವಿಗೆ ತೊಂದರೆ ಆಗಬಹುದು. ಅದು ಬರೋದು ಬೆಕ್ಕಿನ ಮಲದಿಂದ, ಮುಟ್ಟೋದ್ರಿಂದ ಅಲ್ಲ. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ, ಒಂದರಿಂದ ಮೂರು ವಾರ ಮಾತ್ರ ಅದನ್ನ ಮಲದಲ್ಲಿ ಹಾಕುತ್ತೆ, ಹಾಕಿದ ಮೇಲೂ ಅದು ಅಂಟೋ ಸ್ಥಿತಿಗೆ ಬರೋಕೆ ಒಂದು ದಿನವಾದ್ರೂ ಬೇಕು. ಹಾಗಾಗಿ ಬೆಕ್ಕು ಮಲ ಮಾಡೋ ಮರಳಿನ ಟ್ರೇ ದಿನಾ ಖಾಲಿ ಮಾಡಿದ್ರೆ ಅರ್ಧ ಗೆದ್ದ ಹಾಗೆ, ನಾದಿನಿ ಆ ಕೆಲಸ ಮಾಡೋದು ಬೇಡ, ನಿಮ್ಮ ಮನೆಯವ್ರು ಮಾಡಲಿ. ನಿಜ ಹೇಳ್ಬೇಕು ಅಂದ್ರೆ ನಾದಿನಿ ಹಿತ್ತಲಲ್ಲಿ ಬರಿಗೈಲಿ ಮಣ್ಣು ಕೆದಕೋದು, ತೊಳೆಯದೆ ಕೊತ್ತಂಬರಿ, ಸೌತೆಕಾಯಿ ತಿನ್ನೋದು ಮನೆ ಬೆಕ್ಕಿಗಿಂತ ದೊಡ್ಡ ದಾರಿ, ಯಾಕಂದ್ರೆ ಊರಿನ ಬೆಕ್ಕೆಲ್ಲಾ ಬಂದು ಹೋಗೋದು ಅದೇ ಮೆತ್ತನೆ ಮಣ್ಣಿಗೆ. ಅವರ ಡಾಕ್ಟ್ರ ಹತ್ರ ಬೆಕ್ಕು ಇರೋ ವಿಷಯ ಹೇಳಿ, ಬೇಕಿದ್ರೆ ಬ್ಲಡ್ ಟೆಸ್ಟ್ ಮಾಡಿಸ್ತಾರೆ. ಮನೇಲಿ ಯಾರಿಗಾದ್ರೂ ಉಬ್ಬಸ ಇದ್ರೆ ಅದು ಬೇರೆ ಮಾತು, ಅಲರ್ಜಿ ಮಾಡೋದು ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರೋ ಪ್ರೋಟೀನ್, ಅಂಥವರು ಇದ್ರೆ ಮಲಗೋ ಕೋಣೆಗೆ ಬಿಡಬಾರದು. ಕೂಸು ಹುಟ್ಟಿದ ಮೇಲೆ ತೊಟ್ಟಿಲು ಇರೋ ರೂಮ್ ಬಾಗಿಲೂ ಮುಚ್ಚಿರಲಿ. ಅಡ್ಡ ಬರೋದು, ಶಕುನ ಇತ್ಯಾದಿಗೆ ನನ್ನ ಹತ್ರ ಇಂಜೆಕ್ಷನ್ ಇಲ್ಲ.

ಒಳಗೆ ಇಟ್ಕೊಳ್ಳಬೇಕಾ ಅಂತ ಇವತ್ತೇ ತೀರ್ಮಾನ ಮಾಡೋ ಜರೂರೇನೂ ಇಲ್ಲ. ಜಗುಲಿ ಬೆಕ್ಕಾಗೇ ಇರಲಿ ಬಿಡಿ, ನಾದಿನಿ ಬಾಣಂತನ ಮುಗಿಯೋವರೆಗಾದ್ರೂ. ಮಳೆಗಾಲಕ್ಕೆ ಮೀನಿನವನ ಹತ್ರ ಒಂದು ಥರ್ಮಾಕೋಲ್ ಡಬ್ಬ ಇಸ್ಕೊಂಡು ತೊಳೆದು, ಬೆಕ್ಕು ನುಗ್ಗೋಷ್ಟು ಮಾತ್ರ ತೂತು ಮಾಡಿ, ನಾಲ್ಕು ಇಟ್ಟಿಗೆ ಮೇಲೆ ಎತ್ತರಿಸಿ ಇಡಿ. ಒಳಗೆ ಹಳೇ ಬಟ್ಟೆ ಹಾಕಿದ್ರೆ ನಮ್ಮ ಮಳೇಲಿ ಥಂಡಿ ಹಿಡಿದು ಮುಗ್ಗುಲು ಬರುತ್ತೆ, ಒಣಹುಲ್ಲು ಹಾಕಿ, ವಾರಕ್ಕೊಮ್ಮೆ ಬದಲಾಯಿಸಿ.

ಆದ್ರೆ ಆಪರೇಷನ್ ಮಾತ್ರ ಒಳಗಿಟ್ರೂ ಹೊರಗಿಟ್ರೂ ಮಾಡಿಸಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತೆ, ನಮ್ಮ ಹವೆಗೆ ವರ್ಷದಲ್ಲಿ ಎರಡು ಮೂರು ಸಲ ಮರಿ ಹಾಕುತ್ತೆ, ಮರಿ ಹಾಲು ಕುಡೀತಿರುವಾಗಲೇ ಮತ್ತೆ ಗಬ್ಬ ಆಗೋದುಂಟು. ಒಂದು ಸಲವಾದ್ರೂ ಮರಿ ಹಾಕಲಿ, ಪಾಪ ತಾಯ್ತನ ಅಂತ ಹೇಳೋರು ಆ ಮರಿಗಳನ್ನ ಗೋಣಿಚೀಲದಲ್ಲಿ ಕಟ್ಟೋವಾಗ ಎದುರಿಗೆ ಇರಲ್ಲ. ನಿಮ್ಮದಕ್ಕೆ ಮರಿ ಇದ್ರೆ ಅವು ಹಾಲು ಬಿಟ್ಟ ಮೇಲೆ ಎರಡು ವಾರ ಕಳ್ದು, ಮರಿ ಇಲ್ಲದಿದ್ರೆ ಈ ಹತ್ತು ದಿನ ಮುಗಿದ ಕೂಡ್ಲೇ. ಆಪರೇಷನ್ ಹಿಂದಿನ ರಾತ್ರಿ ಎಷ್ಟು ಹೊತ್ತಿಂದ ಊಟ ನಿಲ್ಲಿಸಬೇಕು ಅಂತ ಡಾಕ್ಟ್ರನ್ನೇ ಕೇಳಿ. ಆಮೇಲೆ ಹತ್ತು ದಿನ ಹೊಲಿಗೆ ನೆಕ್ಕದ ಹಾಗೆ, ಒದ್ದೆ ಆಗದ ಹಾಗೆ ಒಳಗೇ ಇಟ್ಕೋಬೇಕು, ಒಂದು ಟಬ್ಬಲ್ಲಿ ಮರಳು, ಇನ್ನೊಂದು ಮೂಲೇಲಿ ಊಟ ನೀರು. ಅದಕ್ಕೊಂದು ರೂಮು ಬೇಕು ಅಂತ ಅತ್ತೆಯವರನ್ನ ಈಗಲೇ ಒಪ್ಪಿಸಿಟ್ಟುಕೊಳ್ಳಿ, ಸ್ಟೋರ್ ರೂಮೂ ನಡೆಯುತ್ತೆ, ಇಲಿಪಾಷಾಣ ಗಿಷಾಣ ಇಟ್ಟಿದ್ರೆ ಮೊದಲು ತೆಗೀರಿ.